ಬಾಲ್ ಹೊರಗೆ ಹೋದಾಗ ಮಾತಾಡುವವನು

ಅಮೀನಗಡ
ತಾ. 6-11-2025, ಗುರುವಾರ ಮಧ್ಯಾಹ್ನ

ಇಳಕಲ್ಲಿನ ಗೆಳೆಯ ನಾಸೀರನಿಗೆ ಹಣಮೇಶನ ಸಲಾಮು.

ಪತ್ರ ಬರೆಯುವಾಗ ಮೊದಲು ಎಲ್ಲರೂ ಆರಾಮ ಇದ್ದೇವೆ ಅಂತ ಬರೆಯಬೇಕು ಎಂದು ಸಾಲಿ ಮಾಸ್ತರರು ಕಲಿಸಿದ್ದರು. ಆರನೇ ಇಯತ್ತೆಯವರೆಗೆ ಕಲಿತದ್ದರಲ್ಲಿ ನೆನಪಿರುವುದು ಅದೊಂದೇ. ಅದಕ್ಕೇ ಬರೆಯುತ್ತೇನೆ. ಲಲಿತಾ ಆರಾಮ, ಎಮ್ಮೆ ಆರಾಮ, ಕರದಂಟಿನ ಅಂಗಡಿ ಆರಾಮ. ನಾನೊಬ್ಬನೇ ಆರಾಮ ಇಲ್ಲ. ದವಾಖಾನೆಗೆ ಹೋಗೋಣವೆಂದರೆ ಡಾಕ್ಟರು ಮೊದಲು ನಾಲಿಗೆ ತೋರಿಸು ಅನ್ನುತ್ತಾರೆ. ರೋಗ ಇರುವುದು ಅಲ್ಲಿಯೇ. ಅದಕ್ಕೆ ಹೋಗಿಲ್ಲ.

ನಿನಗೆ ಮೂರು ಸಲ ಫೋನು ಮಾಡಿದೆ. ಮಗ್ಗದ ಸಪ್ಪಳದಲ್ಲಿ ಕೇಳಲಿಲ್ಲವೋ, ಕೇಳಿಯೂ ಬಿಟ್ಟೆಯೋ ನನಗೆ ಗೊತ್ತಿಲ್ಲ. ನೀನು ಎತ್ತಿದ್ದರೂ ನಾನು ಎಂಥದೋ ಒಂದು ಜೋಕು ಹೊಡೆದು ಇಟ್ಟುಬಿಡುತ್ತಿದ್ದೆ. ಎದುರಿಗೆ ಯಾರದಾದರೂ ಕಿವಿ ಇದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಕಾಗದ ನಗುವುದಿಲ್ಲ. ಅದರ ಮುಂದೆ ಕೂತರೆ ಖರೆ ಹೊರಬರಬಹುದು ಅಂತ ಲಲಿತಾಳ ಹತ್ತಿರ ಎರಡು ಹಾಳೆ ಇಸಿದುಕೊಂಡು ಕೂತಿದ್ದೇನೆ. ಈಗ ಬಸ್ಸುಗಳಿಲ್ಲದ ಹೊತ್ತು. ಅಂಗಡಿಯಲ್ಲಿ ನಾನು, ಬೆಲ್ಲದ ಪಾಕ, ಒಂದಷ್ಟು ನೊಣ.

ನೆನಪಿದೆಯಲ್ಲ, ಬಸ್ಸಿನ ಕಿಟಕಿಗಳ ಕೆಳಗೆ ನಿಂತು ಕರದಂಟು ಕರದಂಟು ಅಂತ ಒದರುತ್ತಿದ್ದವನನ್ನು ಗುರಪ್ಪ ಸಾಹುಕಾರರು ಹಿಡಿದು ತಂದು ತಮ್ಮ ಮೂರುನದಿ ಟಿವಿ ಚಾನೆಲ್ಲಿನ ಟ್ರೇಲರ್ ಮೇಲೆ ನಿನ್ನ ಪಕ್ಕ ಕೂಡಿಸಿದ್ದು. ಆವತ್ತು ಹುನಗುಂದದ ಮೈದಾನದಲ್ಲಿ ಫುಟ್‌ಬಾಲ್ ಮ್ಯಾಚು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಒಂದು ಕ್ಯಾಮೆರಾ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದೇ ಮೈಕು. ನೀನು ಹತ್ತು ವರ್ಷ ಇಳಕಲ್ಲಿನ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವನು, ನಾನು ಗೋಲ್‌ಪೋಸ್ಟು ಬಟ್ಟೆ ಒಣಹಾಕಲು ಇದೆ ಅಂದುಕೊಂಡಿದ್ದವನು. ಬಾಲ್ ಒಳಗಿರುವತನಕ ಮೈಕು ನಿನ್ನ ಕಡೆ. ಗೆರೆ ದಾಟಿ ಹೊರಗೆ ಹೋದರೆ ನೀನು ಅದನ್ನು ನನ್ನ ಕಡೆ ತಿರುಗಿಸುತ್ತಿದ್ದೆ. ಈ ಕಾರ್ನರ್ ಕಿಕ್ ಅರ್ಪಿಸುವವರು ಇಂಥ ಸೀರೆ ಅಂಗಡಿ, ಈ ಥ್ರೋ ಅರ್ಪಿಸುವವರು ಇಂಥ ಹಿಟ್ಟಿನ ಗಿರಣಿ ಅಂತ ನಾನು ಓದುತ್ತಿದ್ದೆ, ನಡುವೆ ಒಂದು ನಗೆಮಾತು. ಆರು ವರ್ಷ ಹೀಗೇ ನಡೆಯಿತು. ಟಿವಿಯಲ್ಲಿ ನಮ್ಮ ಮುಖ ಎಂದೂ ಬರಲಿಲ್ಲ. ನಾನು ನಿನಗೆ ಅಣ್ಣಾ ಅನ್ನುತ್ತಿದ್ದೆ, ನೀನು ನನಗೆ ತಮ್ಮಾ ಅನ್ನುತ್ತಿದ್ದೆ. ಜನಕ್ಕೆ ನಮ್ಮ ಹೆಸರೂ ಗೊತ್ತಿರಲಿಲ್ಲ, ದನಿ ಮಾತ್ರ ಗೊತ್ತು. ನೀನು ಮಗ್ಗದ ಮುಂದೆ ಕೂತರೆ ಫೋನು ಕೇಳುವುದಿಲ್ಲವೆಂದು ಇಬ್ಬರ ಪರವಾಗಿಯೂ ನನ್ನದೇ ನಂಬರನ್ನು ಪರದೆಯ ಕೆಳಗೆ ಓಡಿಸುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಆ ನಂಬರಿಗೇ ಬಾದಾಮಿಯ ಕೆಂಪುಗುಡ್ಡ ಟಿವಿಯ ಮಾಲಕರು, ಲಕ್ಷ್ಮಣ ಸರ್, ಫೋನು ಮಾಡಿದರು. ಈ ವರ್ಷದ ಜಿಲ್ಲಾ ಕಪ್ಪನ್ನು ನಾವೇ ತೋರಿಸುತ್ತಿದ್ದೇವೆ, ನೀವಿಬ್ಬರೂ ನಮ್ಮ ಕಡೆ ಬರ್ರಿ ಅಂದರು. ನೀವು ಇಬ್ಬರೂ ಅಂದರು, ನಾಸೀರ. ಪಾಕ ಒಲೆಯ ಮೇಲಿತ್ತು. ಅದು ಒಂದು ಉಕ್ಕು ಬರುವುದರೊಳಗೆ ನಾನು ಯೋಚಿಸಿ ಮುಗಿಸಿದ್ದೆ. ಇಬ್ಬರೂ ಹೋದರೆ ಅಲ್ಲಿಯೂ ನಾನು ಬಾಲ್ ಹೊರಗೆ ಹೋದಾಗ ಮಾತಾಡುವವನೇ. ಒಂದು ಸಲವಾದರೂ ಬಾಲ್ ಒಳಗಿದ್ದಾಗ ಮಾತಾಡಬೇಕು ಅನ್ನಿಸಿತು. ಐವತ್ತೊಂದು ವಯಸ್ಸಿಗೆ ಎಂಥ ಹುಚ್ಚು ನೋಡು. ಆ ನಾಸೀರ ಮಗ್ಗ ಬಿಟ್ಟು ಬರುವುದಿಲ್ಲ ಅಂದುಬಿಟ್ಟೆ.

ಮರುದಿನ ಇಳಕಲ್ಲಿಗೆ ಬಂದು, ಬಸ್ ಸ್ಟ್ಯಾಂಡಿನ ಎದುರು ಚಹದಂಗಡಿಯಲ್ಲಿ ನಿನ್ನ ಮುಂದೆ ಕೂತು, ಅವರಿಗೆ ಒಬ್ಬನೇ ಸಾಕಂತೆ, ನನ್ನನ್ನು ಕರೆದಿದ್ದಾರೆ ಅಂದೆ. ನೀನು ಬೈಯುತ್ತೀ ಅಂದುಕೊಂಡಿದ್ದೆ. ಬೈದಿದ್ದರೆ ಇವತ್ತು ಈ ಹಾಳೆ ಖಾಲಿ ಇರುತ್ತಿತ್ತು. ನೀನು ನನ್ನ ಬೆನ್ನು ತಟ್ಟಿದೆ. ಇನ್ನೊಂದು ಚಹ ಹೇಳಿದೆ. ಆಮೇಲೆ ಕಪ್ಪು-ಬಸಿಯನ್ನು ನೋಡುತ್ತಾ ಮೆಲ್ಲಗೆ ಕೇಳಿದೆ.

"ಖರೆ ಹೇಳ ಹಣಮ್ಯಾ. ಅವ್ರು ನನ್ನ ಹೆಸರ ಕೇಳಿದ್ರೇನು?"

ನೀನು ಏನು ಕೇಳುತ್ತಿದ್ದೀ ಅಂತ ನನಗೆ ಆ ಕ್ಷಣವೇ ತಿಳಿಯಿತು. ನಿನ್ನ ಹೆಸರು ಕೇಳಿ ಅವರು ಬೇಡ ಅಂದರೇ ಅಂತ ನೀನು ಕೇಳುತ್ತಿದ್ದೆ. ಅವರು ಕೇಳಿದರು ಅಂತ ನಾನು ಹೇಳಲಿಲ್ಲ. ಇಲ್ಲ ಅಂತಲೂ ಹೇಳಲಿಲ್ಲ. ಚಹ ಭಾಳ ಬಿಸಿ ಇದೆ ಅಂದೆ. ನೀನು ನಕ್ಕು, "ಇರ್ಲಿ ಬಿಡೋ ಯಪ್ಪಾ, ನೀ ಯಾಕ ಮಾರಿ ಸಣ್ಣ ಮಾಡ್ಕೋತಿ" ಅಂತ ನನಗೇ ಸಮಾಧಾನ ಹೇಳಿದೆ. ಅಪರಾಧ ಮಾಡಿದವನಿಗೆ ಅನ್ಯಾಯಕ್ಕೆ ಒಳಗಾದವನೇ ಚಹ ಕುಡಿಸಿ ಸಮಾಧಾನ ಹೇಳಿದ್ದು ಈ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು.

ಆಮೇಲಿನದು ನಿನಗೆ ಗೊತ್ತು. ಜೋಡಿ ಒಡೆಯಿತೆಂದು ಗುರಪ್ಪ ಸಾಹುಕಾರರು ಫುಟ್‌ಬಾಲ್ ತೋರಿಸುವುದನ್ನೇ ನಿಲ್ಲಿಸಿ ಅಡಿಗೆ ಕಾರ್ಯಕ್ರಮ ಹಾಕಿದರು. ನಿನ್ನ ಕೈಯಿಂದ ಮೈಕು ಹೋಯಿತು. ನಿನಗೆ ಗೊತ್ತಿಲ್ಲದ್ದು ನನ್ನ ಕಥೆ.

ಆಗಸ್ಟಿನಲ್ಲಿ ಬಾದಾಮಿಯಲ್ಲಿ ಮೊದಲ ಮ್ಯಾಚು. ಎರಡೂ ತಂಡ ಹಸಿರು ಅಂಗಿ ಹಾಕಿಕೊಂಡು ಬಂದಿದ್ದವು. ಒಂದು ತಂಡಕ್ಕೆ ಅಂಗಿ ಬಿಚ್ಚಿಸಿ ಬನಿಯನ್ನಿನ ಮೇಲೆ ಆಡಿಸಿದರು. ಬನಿಯನ್ ತಂಡ, ಹಸಿರು ತಂಡ ಅಂತ ನಾನು ಹೇಳುತ್ತಾ ಹೋದೆ. ಹತ್ತು ನಿಮಿಷದಲ್ಲಿ ನನ್ನಲ್ಲಿದ್ದ ಮಾತೆಲ್ಲ ಖರ್ಚಾಯಿತು, ಬಾಲ್ ಮಾತ್ರ ಹೊರಗೆ ಹೋಗುತ್ತಲೇ ಇಲ್ಲ. ಆಟ ನಡೆಯುವಾಗ ಹೇಳುವುದಕ್ಕೆ ಅಷ್ಟೊಂದು ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನೀನು ಹೇಳುವಾಗ ಅದು ಬಸ್ಸಿನ ಕಿಟಕಿಯ ಹೊರಗೆ ಹೊಲ ಓಡಿದ ಹಾಗೆ ಸಲೀಸಾಗಿ ಹೋಗುತ್ತಿತ್ತು. ನಾನು ಎರಡು ಸಲ, ನೀನು ಕೂಡುತ್ತಿದ್ದ ಎಡಕ್ಕೆ ತಿರುಗಿ ನೋಡಿದೆ. ಅಲ್ಲಿ ಛತ್ರಿ ಇಟ್ಟಿದ್ದರು.

ಆಗ ಹುನಗುಂದದ ಬೀರೇಶ ಜೋರಾಗಿ ಒದ್ದ. ಬಲೆ ಅಲ್ಲಾಡಿತು. ನಾನು ಗೋಲ್ ಅಂತ ಅರ್ಧ ನಿಮಿಷ ಒದರಿದೆ. ಬಾಲು ಬಲೆಗೆ ಹೊರಗಿನಿಂದ ಬಡಿದಿತ್ತಂತೆ. ಅಷ್ಟರಲ್ಲಿ ಹುನಗುಂದದಲ್ಲಿ ಅವನ ತಾಯಿ ದುರಗವ್ವ ಟಿವಿ ಬಿಟ್ಟೆದ್ದು ಓಣಿಯ ತುಂಬ ಸಕ್ಕರೆ ಹಂಚಿ ಮುಗಿಸಿದ್ದಳು. ಮರುದಿನ ಆ ಮುದುಕಿ ಬಸ್ಸು ಹಿಡಿದು ನಮ್ಮ ಅಂಗಡಿಗೇ ಬಂದಳು. ಸಕ್ಕರೆ ಹೋದರೆ ಹೋಗಲಿ, ಓಣಿಯಲ್ಲಿ ಮಾರಿ ತೋರಿಸದ ಹಾಗೆ ಮಾಡಿದೆಯಲ್ಲ ಅಂದಳು. ನಾನು ಅವಳಿಗೆ ಒಂದು ಡಬ್ಬಿ ಕರದಂಟು ಕೊಟ್ಟು ಕೈ ಮುಗಿದೆ. ಲಕ್ಷ್ಮಣ ಸರ್ ಏನೂ ಬೈಯಲಿಲ್ಲ. ನಗಿಸುವುದು ಸಾಕಷ್ಟಾಯಿತು, ಆಟ ಹೇಳುವವರು ಯಾರು ಅಂತ ಕೇಳಿದರು. ನಾನು ಕಲಿತುಕೊಳ್ಳುತ್ತೇನೆ ಅಂದೆ. ಕಲಿಯಲಿಲ್ಲ.

ಇದೆಲ್ಲ ಇದ್ದರೂ ನಾನು ಪತ್ರ ಬರೆಯುವವನಲ್ಲ. ಜೋಕಿನ ಹಾಗೆ ಇದನ್ನೂ ನುಂಗಿಕೊಂಡು ಇರುತ್ತಿದ್ದೆ. ಮೊನ್ನೆ ಮಂಗಳವಾರ ನಿನ್ನ ಮಗ ಫೈಜಾನ ಆ ದಿನದ ಕಾಲೇಜು ಮುಗಿಸಿ ಹುನಗುಂದದಿಂದ ಬಾಗಲಕೋಟೆಗೆ ಹೊರಟಿದ್ದ. ಬಸ್ಸು ಇಲ್ಲಿ ನಿಂತಾಗ ಇಳಿದು ನನ್ನ ಹತ್ತಿರ ಬಂದ. ಎಷ್ಟು ಎತ್ತರ ಆಗಿದ್ದಾನೆ. ಅವರ ಕಾಲೇಜಿನ ಫುಟ್‌ಬಾಲನ್ನು ಮೊಬೈಲಿನಲ್ಲಿ ತೋರಿಸುತ್ತಾರಂತೆ, ಕಾಮೆಂಟ್ರಿಗೆ ಇವನ ದನಿಯೇ ಬೇಕು ಅಂತ ಪ್ರೊಫೆಸರು ಗಂಟು ಬಿದ್ದಿದ್ದಾರಂತೆ. ನಾನು ಹಿಗ್ಗಿ, ಮತ್ತೆ ಯಾವಾಗ ಶುರು ಅಂದೆ.

"ಅಬ್ಬಾ ಬ್ಯಾಡ ಅಂದ್ರು ಕಾಕಾ. ನಮ್ಮ ಹೆಸರಿನವರಿಗೆ ಯಾರೂ ಮೈಕ್ ಕೊಡೂದಿಲ್ಲ, ನಾ ಕಣ್ಣಾರೆ ನೋಡೇನಿ, ಆಸೆ ಹಚ್ಕೋಬ್ಯಾಡ ಅಂದ್ರು."

ಇಷ್ಟನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಕರೆಂಟು ಇರುವುದಿಲ್ಲ ಅನ್ನುವ ಹಾಗೆ ಹೇಳಿದ. ಕಂಡಕ್ಟರ್ ಸೀಟಿ ಊದಿದ, ಹುಡುಗ ಓಡಿ ಹತ್ತಿದ. ನನ್ನ ಕೈಯಲ್ಲಿ ಅವನಿಗೆ ಕೊಡಬೇಕಂತ ಕಟ್ಟಿದ ಪೊಟ್ಟಣ ಹಾಗೇ ಉಳಿಯಿತು.

ನಾಸೀರ, ನೀನು ಕಣ್ಣಾರೆ ನೋಡಿದ್ದು ಲೋಕವನ್ನಲ್ಲ, ನನ್ನನ್ನು. ಲೋಕದಲ್ಲಿ ಅಂಥದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ನಿನಗಿಂತ ನನಗೇನು ಗೊತ್ತು. ಆದರೆ ಈ ಸಲ ಅದಾಗಿರಲಿಲ್ಲ. ಯಾರೂ ನಿನ್ನ ಹೆಸರು ಕೇಳಿ ಬೇಡ ಅಂದಿಲ್ಲ. ಒಬ್ಬ ಗೆಳೆಯ ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿದ, ಅಷ್ಟೇ. ನಿನ್ನ ಪಾಲಿನ ಮೈಕು ಕಸಿದದ್ದು ಒಂದು ತಪ್ಪು. ಅದರ ಜೊತೆಗೆ ನಿನ್ನ ಮನೆಯೊಳಗೆ ಅಂಥ ಮಾತನ್ನು ಇಟ್ಟು ಬಂದೆನಲ್ಲ, ಅದು ಈಗ ನಿನ್ನ ಮಗನ ಬಾಯಲ್ಲಿ ಇದೆ.

ಮಂಗಳವಾರ ಸಂಜೆ ಲಲಿತಾಳಿಗೆ ಎಲ್ಲ ಹೇಳಿದೆ. ಎಮ್ಮೆ ಹಿಂಡುತ್ತಿದ್ದಳು. ತಂಬಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಹಾದ್ಯಾಗ ಹೋಗೂ ಬಸ್ಸಿಗೆಲ್ಲಾ ಒದರ್ತೀರಿ. ಆ ಮನಷ್ಯಾಗ ಇಲ್ಲ ಅನ್ನೂ ಒಂದ ಮಾತ ಹೇಳಾಕ ಬಾಯಿ ಬರ್ಲಿಲ್ಲೇನ್ರಿ?" ಅಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಜೋಕು ಹೊಡೆಯದೆ, ಹಾಲಿನ ತಂಬಿಗೆಯನ್ನು ನಾನೇ ಎತ್ತಿ ಒಳಗಿಟ್ಟು ಬಂದೆ.

ನಿನ್ನೆ ಬೆಳಗಿನ ಬಸ್ಸಿಗೆ ಬಾದಾಮಿಗೆ ಹೋಗಿ ಲಕ್ಷ್ಮಣ ಸರ್ ಮುಂದೆ ನಿಂತು ನಾನು ಮಾಡಿದ್ದನ್ನು ಹೇಳಿದೆ. ಅವರು ಪೆನ್ನಿನ ಟೋಪಿ ತೆಗೆದರು. ಆಮೇಲೆ ನಿನ್ನ ನಂಬರು ಕೇಳಿದರು. ಹದಿನಾರನೇ ತಾರೀಖು ಭಾನುವಾರ ಜಿಲ್ಲಾ ಕಪ್ಪಿನ ಫೈನಲ್. ಆ ಮ್ಯಾಚಿಗೆ ನೀನೇ ಬೇಕು ಅಂದಿದ್ದಾರೆ. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ, ನೀನು ಮಗ್ಗ ಬಿಟ್ಟೆದ್ದು ಊಟಕ್ಕೆ ಕೂತ ಹೊತ್ತಿಗೆ ಫೋನು ಮಾಡುತ್ತಾರೆ. ಅಷ್ಟರೊಳಗೆ ಈ ಪತ್ರ ನಿನ್ನ ಕೈಗೆ ಬರಲಿ ಅಂತ ರಿಜಿಸ್ಟರ್ ಮಾಡಿಸುತ್ತಿದ್ದೇನೆ. ಆ ಫೋನನ್ನು ಎತ್ತು. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ಹಾಕಬೇಡ. ಅವರು ಒಳ್ಳೆಯ ಮನುಷ್ಯ, ಚಹಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಾರೆ ಅನ್ನುವುದೊಂದೇ ದೋಷ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕೊಟ್ಟುಬಿಡುತ್ತೀ, ನಿನ್ನ ಸ್ವಭಾವವೇ ಹಾಗೆ, ನನಗೆ ಅದು ಪುಕ್ಕಟೆ ಸಿಕ್ಕಂತಾಗುತ್ತದೆ. ನಾಲ್ಕು ದಿನ ಬೈದುಕೋ. ಆಮೇಲೆ ಬಂದು ಮೊದಲಿನ ಹಾಗೆ ನನ್ನ ಎಡಕ್ಕೆ ಕೂಡ್ರು. ನೀನು ಆಟ ಹೇಳು, ನಾನು ಹಿಟ್ಟಿನ ಗಿರಣಿ ಓದುತ್ತೇನೆ.

ಮನೆಯಲ್ಲಿ ವೈನಿಯವರಿಗೆ ನನ್ನ ನಮಸ್ಕಾರ ಹೇಳು. ಅವರು ಬೈದರೆ ಅದನ್ನೂ ಇಟ್ಟುಕೊಂಡಿರು, ಸಿಕ್ಕಾಗ ತೆಗೆದುಕೊಳ್ಳುತ್ತೇನೆ.

ನಿನಗೆ ತಮ್ಮ ಅನ್ನಿಸಿಕೊಂಡು ತಮ್ಮನ ಹಾಗೆ ಇರದ,
ಹಣಮೇಶ

ತಾ.ಕ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಎರಡು ಸುಳ್ಳು ಉಳಿದಿವೆ. ಕಾಗದದ ಮುಂದೆಯೂ ನನ್ನ ಚಟ ಹೋಗಲಿಲ್ಲ ನೋಡು.

ಮೊದಲನೆಯದು. ಲಕ್ಷ್ಮಣ ಸರ್ ನಿನ್ನೆ ನನ್ನನ್ನು ಕೆಲಸದಿಂದ ಬಿಡಿಸಿದರು. ಅಲ್ಲಿ ನನಗೆ ಕುರ್ಚಿ ಇಲ್ಲ. ಎಡಕ್ಕೆ ಕೂಡ್ರು ಅಂದದ್ದು ನನ್ನ ಆಸೆ ಅಷ್ಟೇ. ಅದಕ್ಕಾಗಿ ನೀನು ಒಲ್ಲೆ ಅನ್ನಬೇಡ.

ಎರಡನೆಯದು. ಅವರು ಇಬ್ಬರನ್ನೂ ಕರೆದಿರಲಿಲ್ಲ. ಮಾರ್ಚಿನಲ್ಲಿ ಫೋನು ಎತ್ತಿದ ಕೂಡಲೇ, "ಆಟ ಹೇಳೋರ ಏನ್ರಿ ಮಾತಾಡೂದು?" ಅಂತ ಕೇಳಿದರು. ನಾನು ನಿನ್ನ ಹಾಗೆ ದನಿ ದಪ್ಪ ಮಾಡಿ, ಹೌದ್ರಿ ಅಂದೆ. ನಗಿಸುವವನ ಮಾತು ಅವರು ಎತ್ತಲೇ ಇಲ್ಲ. ಬಾದಾಮಿಗೆ ಹೋಗಿ ಬಾಯಿ ತೆರೆದಾಗ ಇದು ನಗಿಸುವವನ ದನಿ ಅಂತ ಅವರಿಗೆ ಗುರುತು ಸಿಕ್ಕಿತು. ಆಗ, ಆಟ ಹೇಳುವವನು ನಾಸೀರ ಅಂತ, ಇಳಕಲ್ಲಿನವನು, ಅವನಿಗೆ ಬರಲು ಆಗುವುದಿಲ್ಲ, ತನ್ನ ಬದಲು ಇವನನ್ನೇ ತಗೊಳ್ಳಿ ಅಂತ ಅವನೇ ಹೇಳಿ ನನ್ನನ್ನು ಕಳಿಸಿದ್ದಾನೆ ಅಂದೆ. ಅವರು, ನಾಸೀರರು ಕಳಿಸಿದ್ದಾರೆ ಅಂದಮೇಲೆ ಮುಗಿಯಿತು, ಕೂಡ್ರಿ ಅಂದರು. ನಿನ್ನ ಹೆಸರಿಗೆ ಮೈಕು ಕೊಡಲಿಲ್ಲ ಅಂತ ನೀನು ಎಂಟು ತಿಂಗಳು ತಿಳಿದುಕೊಂಡಿದ್ದೀ. ನನಗೆ ಮೈಕು ಸಿಕ್ಕಿದ್ದು ನಿನ್ನ ಹೆಸರು ಹೇಳಿದ್ದಕ್ಕೆ.

ಇದನ್ನು ಓದಿ ಹರಿದು ಹಾಕಬೇಡ. ಫೈಜಾನನ ಕೈಗೆ ಕೊಡು, ಅವನೂ ಪೂರಾ ಓದಲಿ. ಇನ್ನು ಮುಂದೆ ಬಸ್ಸು ಅಮೀನಗಡದಲ್ಲಿ ನಿಂತಾಗ ಅವನು ಇಳಿಯದಿದ್ದರೂ ಸರಿ.