ಉಗ್ರಪ್ಪನವರ ಮನೆಯ ಒಂಬತ್ತು ಪೈಲಟ್‌ಗಳು

ವಿಮಾನ ಕಂಪನಿಯ ಹಾರಾಟ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಸೊಸೆ ಉತ್ತರಹಳ್ಳಿಯಲ್ಲಿ ವಾಸವಾಗಿದ್ದಾಳೆ ಎಂಬ ಒಂದೇ ಕಾರಣಕ್ಕೆ ಅವಳು ಕ್ಯಾಪ್ಟನ್ ಆಗುವುದನ್ನು ನೀವು ತಡೆದಿದ್ದೀರಿ. ಅವಳ ಮನೆ ಬ್ಯಾಂಕಾಕಿನಲ್ಲಿದ್ದಿದ್ದರೆ ತಡೆಯುತ್ತಿರಲಿಲ್ಲ. ನನ್ನ ದೂರು ಇಷ್ಟೇ. ಇದನ್ನು ಓದಿ ನಿಮಗೆ ನಗು ಬಂದರೆ ಸಂಕೋಚವಿಲ್ಲದೆ ನಗಿ, ನಮ್ಮ ಬೀದಿಯವರೆಲ್ಲ ಈಗಾಗಲೇ ನಕ್ಕು ಮುಗಿಸಿದ್ದಾರೆ.

ನೌಕರರು ಪತ್ರಿಕೆಗೆ ಬರೆಯಬಾರದು ಎಂಬ ನಿಯಮ ನಿಮ್ಮಲ್ಲಿದೆಯಂತೆ. ಅತ್ತೆಯರು ಬರೆಯಬಾರದು ಎಂಬ ನಿಯಮ ಇನ್ನೂ ಬಂದಿಲ್ಲವಾದ್ದರಿಂದ ನಾನು ನಿಮಗೆ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರದೂ ಒಂದೇ ಕಾಲವಾಗಿಬಿಟ್ಟಿದೆ, ಅದಕ್ಕೆ ನೀವೇ ಕಾರಣ, ಆ ಮಟ್ಟಿಗೆ ವಂದನೆಗಳು. ಸೊಸೆಯ ಹೆಸರು ವಿಜಯಲಕ್ಷ್ಮಿ, ಊರು ಕೊಪ್ಪಳದ ಕಡೆ. ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದವಳು ನನ್ನ ಮಗ ಪ್ರಮೋದನನ್ನು ಮೆಚ್ಚಿ ನಮ್ಮ ಮನೆಗೆ ಬಂದಳು. ನಿಮ್ಮ ವಿಮಾನಗಳಲ್ಲಿ ಬಲಗಡೆಯ ಸೀಟಿನ ಪೈಲಟ್ ಆಗಿ ವರ್ಷಗಳಿಂದ ದುಡಿಯುತ್ತಿದ್ದಾಳೆ. ಎಡಗಡೆಯ ಸೀಟು ಕ್ಯಾಪ್ಟನ್‌ದು. ಆ ಸೀಟಿನ ತರಬೇತಿಗೆ ಅವಳ ಹೆಸರು ಬಂದಿತ್ತು, ಈಗ ಇಲ್ಲ.

ನಡೆದದ್ದನ್ನು ಹೇಳುತ್ತೇನೆ. ಒಂದು ಮಧ್ಯಾಹ್ನ ಅವಳು ಎಂದಿನಂತೆ ಸಾಕಷ್ಟು ಮುಂಚಿತವಾಗಿಯೇ ಹೊರಟಳು. ಬನಶಂಕರಿ ದಾಟುವಷ್ಟರಲ್ಲಿ ರಸ್ತೆ ನಿಂತುಹೋಗಿತ್ತು. ಎಲ್ಲೋ ಪೈಪ್ ಒಡೆದಿತ್ತು, ಇನ್ನೆಲ್ಲೋ ಯಾರೋ ದೊಡ್ಡವರು ಹಾದುಹೋಗುವವರಿದ್ದರು. ಬಿಸಿಲಿನಲ್ಲಿ ಕ್ಲಚ್ ತುಳಿಯುತ್ತ ತುಳಿಯುತ್ತ ಊರಿನ ಈ ತುದಿಯಿಂದ ಆ ತುದಿ ಮುಟ್ಟಿದಳು. ಗಮನಿಸಿ, ತಡವಾಗಲಿಲ್ಲ, ಹೊತ್ತಿಗೆ ಸರಿಯಾಗಿಯೇ ತಲುಪಿದಳು. ಆದರೆ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಡ್ಯೂಟಿ ಅಧಿಕಾರಿಯ ಮುಂದೆ ನಿಂತು, "ಇವತ್ತು ನಾನು ದಣಿದಿದ್ದೇನೆ, ಹಾರಿಸಲಾರೆ" ಎಂದಳು. ಇನ್ನೊಬ್ಬರನ್ನು ಕರೆಸಿದಿರಿ, ವಿಮಾನ ತಡವಾಯಿತು, ಪ್ರಯಾಣಿಕರು ಬೈದರು.

ಹಾಗೆ ಹೇಳುವುದು ಪೈಲಟ್‌ನ ಕರ್ತವ್ಯವೆಂದು ನಿಮ್ಮದೇ ನಿಯಮ ಹೇಳುತ್ತದೆ. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ನಿಜ ಹೇಳಿದ ಮಗುವಿನ ಬೆನ್ನು ತಟ್ಟುತ್ತಿದ್ದೆವು. ನೀವು ವಿಳಾಸ ಕೇಳಿದಿರಿ. ಉತ್ತರಹಳ್ಳಿ ಎಂದ ಕೂಡಲೇ ಯಾವುದೋ ಮೂಲೆಯಲ್ಲಿ ಮಲಗಿದ್ದ ಸುತ್ತೋಲೆಯೊಂದು ಎದ್ದು ಕುಳಿತಿತು: ಬೆಂಗಳೂರಿನಲ್ಲಿರುವ ಪೈಲಟ್‌ಗಳು ವಿಮಾನ ನಿಲ್ದಾಣದ ಸುತ್ತ ಮೂವತ್ತು ಕಿಲೋಮೀಟರ್ ವೃತ್ತದೊಳಗೇ ವಾಸಿಸತಕ್ಕದ್ದು. ಒಂದು ತಿಂಗಳೊಳಗೆ ಮನೆ ಬದಲಿಸು, ಇಲ್ಲವಾದರೆ ಕ್ಯಾಪ್ಟನ್ ತರಬೇತಿಯ ಆಸೆ ಬಿಡು ಎಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಕಣ್ಣಾರೆ ನೋಡಿದ್ದು ಈಗಲೇ.

ಇನ್ನು ಬ್ಯಾಂಕಾಕಿನ ವಿಷಯ. ನಿಮ್ಮ ಹಿರಿಯ ಪೈಲಟ್‌ಗಳಲ್ಲಿ ಸೋಮನಾಥ್ ಎಂಬ ಕ್ಯಾಪ್ಟನ್ ಇದ್ದಾರೆ. ಜಯನಗರದಲ್ಲಿ ಹುಟ್ಟಿ ಬೆಳೆದವರು, ಈಗ ಹೆಂಡತಿ ಮಕ್ಕಳೊಂದಿಗೆ ಬ್ಯಾಂಕಾಕಿನಲ್ಲಿದ್ದಾರೆ. ಕೆಲಸ ಬೆಂಗಳೂರಿನಲ್ಲಿ, ಸಂಸಾರ ಅಲ್ಲಿ. ಕೆಲವು ವಾರ ದುಡಿದು ಮನೆಗೆ ಹಾರುತ್ತಾರೆ, ಮತ್ತೆ ಹಾರಿ ಬರುತ್ತಾರೆ. ಹೋಗಿಬರುವ ಟಿಕೆಟ್ ನಿಮ್ಮದು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ರೂಮು ನಿಮ್ಮದು. ಅವರು ಮಲಗಿ, ದಣಿವು ಆರಿಸಿಕೊಂಡು, ಆಮೇಲೆ ವಿಮಾನ ಹತ್ತಬೇಕು ಎಂಬ ಕಾಳಜಿಯೂ ನಿಮ್ಮದೇ. ಇಂಥವರು ನಿಮ್ಮಲ್ಲಿ ಇನ್ನೂ ಇದ್ದಾರೆ. ನನಗೆ ಅವರ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ. ಸೋಮನಾಥ್ ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮುದ್ದೆ, ಅವರೇಕಾಳು ಸಾರು ಚಪ್ಪರಿಸಿ ತಿಂದು ಹೇಳಿದರು:

"ಅಮ್ಮಾ, ನಿಜ ಹೇಳ್ಲಾ? ಬ್ಯಾಂಕಾಕಿಂದ ಬರೋದೇ ನನಗೆ ಸುಲಭ. ಸೀಟಲ್ಲಿ ಕೂತು ನಿದ್ದೆ ಮಾಡ್ಕೊಂಡು ಬರ್ತೀನಿ. ಜಯನಗರದಿಂದ ದಿನಾ ಓಡಾಡೋದಾಗಿದ್ರೆ ಯಾವತ್ತೋ ಕೆಲ್ಸ ಬಿಡ್ತಿದ್ದೆ."

"ಹಂಗಾದ್ರೆ ನಮ್ ವಿಜಿಗೂ ಆ ಹೋಟ್ಲಲ್ಲಿ ಒಂದು ರೂಮ್ ಕೊಡ್ಸಪ್ಪ" ಎಂದೆ.

"ಕೇಳ್ದೆ ಅಮ್ಮ. ಅವ್ರು ಲೋಕಲ್, ಲೋಕಲ್‌ಗೆ ಕೊಡಲ್ಲ ಅಂದ್ರು" ಎಂದು ಅವರು ತಲೆ ತಗ್ಗಿಸಿದರು. ಪಾಪ, ತಲೆ ತಗ್ಗಿಸಬೇಕಾದವರು ಅವರಲ್ಲ.

ಸಮುದ್ರ ದಾಟಿ ಬಂದವನ ದಣಿವು ದಣಿವು, ಬನಶಂಕರಿ ದಾಟಿ ಬಂದವಳ ದಣಿವು ತಪ್ಪು. ಹಿತ್ತಲ ಗಿಡ ಮದ್ದಲ್ಲ ಎಂದು ಕೇಳಿದ್ದೆ. ಹಿತ್ತಲ ಗಿಡಕ್ಕೆ ನೀರೂ ಇಲ್ಲ ಎಂದು ನಿಮ್ಮಿಂದ ತಿಳಿದೆ.

ಯಲಹಂಕಕ್ಕೋ ದೇವನಹಳ್ಳಿಗೋ ಮನೆ ಬದಲಿಸಿದರೆ ಏನು ಗಂಟು ಹೋಗುತ್ತದೆ ಎಂದು ನೀವು ಕೇಳಬಹುದು. ಪ್ರಮೋದ ಜೆ.ಪಿ. ನಗರದ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುತ್ತಾನೆ. ಬೆಳಕು ಹರಿಯುವ ಹೊತ್ತಿಗೆ ರೋಗಿಗಳು ಬಂದು ಕುಳಿತಿರುತ್ತಾರೆ. ನಿಮ್ಮ ಕಡೆ ಮನೆ ಮಾಡಿದರೆ ಅದೇ ರಸ್ತೆಯಲ್ಲಿ ಅವನು ಹಿಂದುಮುಂದಾಗಿ ಓಡಾಡಬೇಕು. ಅಂದರೆ ದಣಿವು ಹೆಂಡತಿಯಿಂದ ಗಂಡನಿಗೆ ವರ್ಗವಾಗುತ್ತದೆ, ಅಷ್ಟೇ. ನಾಲ್ಕು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳುವವಳು ನಾನು, ನನಗೆ ಸುಸ್ತಾದರೆ ಎದುರುಮನೆಯ ಇಂದ್ರಾಣಿ. ತಾಯಿ ಮೂರು ದಿನ ಊರೂರು ಹಾರಿ ಬರುವಷ್ಟರಲ್ಲಿ ಆ ಮಗು ನಾಲ್ಕು ಮನೆಯಲ್ಲಿ ಉಂಡಿರುತ್ತದೆ. ಇದನ್ನು ಗಂಟು ಕಟ್ಟಿ ಲಾರಿಗೆ ಹಾಕಲು ಬರುವುದಿಲ್ಲ.

ಹೀಗಿರುವಾಗ ನಿಮ್ಮ ಕಚೇರಿಯ ಒಬ್ಬರು ಅವಳಿಗೆ ಫೋನ್ ಮಾಡಿ ಪರಿಹಾರ ಹೇಳಿದರು. "ಮೇಡಂ, ಯಾಕೆ ಟೆನ್ಷನ್ ತಗೋತೀರಾ? ಆ ಕಡೆದು ಒಂದು ರೆಂಟ್ ಅಗ್ರಿಮೆಂಟ್ ತಂದ್ಕೊಡಿ. ಎಲ್ರೂ ಹಂಗೇ ಮಾಡೋದು." ಮನೆ ತೋರಿಸುವವರ ನಂಬರನ್ನೂ ಕೊಟ್ಟರು. ಸೊಸೆ ಬೇಡವೆಂದಳು. ನಾನು ಮಾತ್ರ ಪ್ರಮೋದನನ್ನು ಹೊರಡಿಸಿಕೊಂಡು ನೋಡಲು ಹೋದೆ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು, ಸುಳ್ಳು ರಜಾಚೀಟಿ ಎಲ್ಲಿ ತಯಾರಾಗುತ್ತದೆ ಎಂದು ನೋಡುವ ಚಟ ಇನ್ನೂ ಹೋಗಿಲ್ಲ.

ದೇವನಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಎರಡು ಕೋಣೆಯ ಮನೆ. ಮಾಲೀಕರ ಹೆಸರು ಉಗ್ರಪ್ಪ ಎಂದಿಟ್ಟುಕೊಳ್ಳಿ. ಬಾಗಿಲು ತೆಗೆದರೆ ಒಳಗೆ ಸೂರಿನ ತನಕ ಶಾಮಿಯಾನದ ಕುರ್ಚಿಗಳು, ಮದುವೆ ಅಡುಗೆಯ ಹಂಡೆಗಳು. ಕಾಲಿಡಲು ಜಾಗವಿಲ್ಲ.

"ಇಲ್ಲಿ ಯಾರಿದಾರೆ?" ಎಂದೆ.

"ಒಂಬತ್ತು ಜನ ಪೈಲಟ್‌ಗಳು ಅವ್ರೆ ಮೇಡಮ್ಮೋರೆ" ಎಂದರು ಉಗ್ರಪ್ಪ, ಮುಖದ ಮೇಲೆ ಒಂದು ಗೆರೆಯೂ ಅಲುಗಾಡದೆ. "ಬೋ ಒಳ್ಳೇ ಜನ. ಒಂದು ಗಲಾಟೆ ಇಲ್ಲ, ನೀರು ಖರ್ಚಿಲ್ಲ. ಇದುವರ್ಗೂ ಒಬ್ರ ಮುಖಾನೂ ನೋಡಿಲ್ಲ. ನಿಮ್ದೂ ಸೇರಿದ್ರೆ ಹತ್ತಾಯ್ತದೆ."

ಪ್ರಮೋದ ನಕ್ಕುಬಿಟ್ಟ. ನಾನೂ ನಕ್ಕೆ. ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಮಾತ್ರ ಭಯವಾಯಿತು. ಆ ಒಂಬತ್ತು ಜನ ಆ ಹೊತ್ತಿನಲ್ಲಿ ಎಲ್ಲಿದ್ದಾರು? ಬನಶಂಕರಿಯಲ್ಲಿ, ಹೊಸಕೆರೆಹಳ್ಳಿಯಲ್ಲಿ, ಸುದ್ದಗುಂಟೆಪಾಳ್ಯದಲ್ಲಿ, ಬಹುಶಃ ನಮ್ಮ ಪಕ್ಕದ ಕಾರಿನಲ್ಲೇ. ಕಂಪನಿಯ ಕಾರು ವೃತ್ತದೊಳಗಿನ ವಿಳಾಸಕ್ಕಷ್ಟೇ ಬರುತ್ತದೆ, ಅದನ್ನು ನಿಜವಾದ ಮನೆಗೆ ಕರೆಸುವಂತಿಲ್ಲ, ಆದ್ದರಿಂದ ತಾವೇ ಓಡಿಸಿಕೊಂಡು ಬರುತ್ತಾರೆ. ಬಂದು, ದಣಿದಿದ್ದರೂ ಬಾಯಿ ಬಿಡುವಂತಿಲ್ಲ.

ಮನೆಗೆ ಬಂದು ಇದನ್ನೇ ಸೊಸೆಯ ಮುಂದೆ ಇಟ್ಟೆ. "ನೋಡು ವಿಜಿ, ಎಲ್ರೂ ಮಾಡ್ತಾರಂತೆ. ನಿನ್ನ ಕ್ಯಾಪ್ಟನ್ ಸೀಟು ಹೋಗುತ್ತಲ್ಲ" ಎಂದೂ ಹೇಳಿದೆ. ತಾಯಿಯ ಕರುಳು, ಏನು ಮಾಡಲಿ? ಅವಳು ಮಗಳಿಗೆ ಜಡೆ ಹಾಕುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು:

"ಅತ್ತೀ, ಇವತ್ತ ಸುಳ್ಳ ವಿಳಾಸ ಕೊಟ್ಟೆ ಅಂದ್ರ, ನಾಳೆ ದಣಿವಾಗೈತಿ ಅಂತ ಹ್ಯಾಂಗ ಹೇಳ್ಲಿ? ಮನಿ ಇಲ್ಲೇ ಬಾಜೂಕ ಐತಿ, ಯಾಕ ದಣದಿ ಅಂತ ಕೇಳ್ತಾರ್ರೀ. ಬಾಯಿ ಮುಚ್ಚಿಕೊಂಡು ಹಾರಸ್ಬೇಕಾಕ್ಕೈತಿ. ಹಿಂದ ಅಷ್ಟು ಮಂದಿ ಕುಂತಿರ್ತಾರ. ನನಗ ಆ ಸೀಟ ಬ್ಯಾಡ್ರೀ."

ಬೇಡವೆಂದಳು, ಆದರೆ ಹಾಕಿ ಮುಗಿಸಿದ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹಾಕಿದಳು. ಅವಳಿಗೆ ಆ ಸೀಟು ಎಷ್ಟು ಬೇಕು ಎಂದು ನನಗೆ ಗೊತ್ತು. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತಿಂಗಳು ಮುಗಿಯಿತು, ನೀವು ತರಬೇತಿಯಿಂದ ಅವಳ ಹೆಸರು ತೆಗೆದಿರಿ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಾನ್ಯರೇ, ದೂರದಿಂದ ಓಡಾಡುವ ಪೈಲಟ್ ದಣಿಯುತ್ತಾನೆ ಎಂಬ ನಿಮ್ಮ ಮಾತು ಸುಳ್ಳಲ್ಲ. ಅದನ್ನು ಒಪ್ಪಿಯೇ ಕೇಳುತ್ತೇನೆ: ನಿಮ್ಮ ವೃತ್ತ ಯಾರ ದಣಿವನ್ನು ಕಡಿಮೆ ಮಾಡಿತು? ದಣಿವು ಇದ್ದಲ್ಲೇ ಇದೆ, ಅದನ್ನು ಹೇಳುವ ನಾಲಿಗೆಯನ್ನಷ್ಟೇ ನೀವು ಕತ್ತರಿಸಿದ್ದೀರಿ. ಒಂಬತ್ತು ಜನರಿಗೆ ಸುಳ್ಳು ಕಲಿಸಿದ್ದೀರಿ, ಕಲಿಯಲೊಲ್ಲದವಳನ್ನು ನಪಾಸು ಮಾಡಿದ್ದೀರಿ. ಶಾಲೆಯಾಗಿದ್ದರೆ ನಿಮ್ಮ ಪೋಷಕರನ್ನು ಕರೆಸುತ್ತಿದ್ದೆ.

ಈಗ ನನ್ನ ಬೇಡಿಕೆ. ಆ ವೃತ್ತವನ್ನು ಅಳಿಸಿ. ಬ್ಯಾಂಕಾಕಿನಿಂದ ಬರುವವರಿಗೆ ಹೋಟೆಲಿನಲ್ಲಿ ಹಾಸಿರುವ ಮಂಚದಂಥದ್ದೇ ಒಂದನ್ನು ಊರಿನ ಈ ತುದಿಯಿಂದ ಬರುವವರಿಗೂ ಹಾಸಿ. ಆ ಒಂಬತ್ತು ಜನರನ್ನು ದಂಡಿಸದೆ ಅವರವರ ನಿಜವಾದ ಮನೆಗೆ ಬಿಡಿ. ವಿಜಯಲಕ್ಷ್ಮಿಯ ತರಬೇತಿಯನ್ನು ಹಿಂದಿರುಗಿಸಿ. ಆಗುವುದಿಲ್ಲವಾದರೆ, ದಣಿದಾಗ ದಣಿದಿದ್ದೇನೆ ಎಂದು ಹೇಳಿದ್ದಕ್ಕೆ ಈಕೆಯನ್ನು ತಡೆಯಲಾಗಿದೆ ಎಂದು ನಿಮ್ಮ ಸಹಿ ಹಾಕಿ ಬರೆದುಕೊಡಿ. ಅದನ್ನೂ ಇದೇ ಪತ್ರಿಕೆಗೆ ಕಳಿಸುತ್ತೇನೆ. ನಾವು ಮನೆ ಬದಲಿಸುವುದಿಲ್ಲ, ಅಗ್ರಿಮೆಂಟ್ ತರುವುದಿಲ್ಲ.

ನಿಮಗೂ ಹೆಂಡತಿ ಮಕ್ಕಳಿರಬಹುದು. ನಾಳೆ ಅವರನ್ನು ಯಾರು ಹಾರಿಸುವ ವಿಮಾನದಲ್ಲಿ ಕೂರಿಸುತ್ತೀರಿ? ಇವತ್ತು ನನ್ನಿಂದಾಗದು ಎಂದು ಹೇಳಿ ಎದ್ದುಬಂದವಳ ವಿಮಾನದಲ್ಲೋ, ಕುರ್ಚಿ ಹಂಡೆಗಳ ನಡುವೆ ವಾಸವಾಗಿದ್ದೇನೆ ಎಂದು ಬರೆದುಕೊಟ್ಟು ಸುಮ್ಮನೆ ಕುಳಿತವರ ವಿಮಾನದಲ್ಲೋ? ಉತ್ತರ ನಿಮಗೆ ಗೊತ್ತಿದೆ. ಅದನ್ನೇ ನಿಯಮ ಮಾಡಿ.

ಇಂತಿ,
ಬಲಗಡೆಯ ಸೀಟಿನವಳ ಅತ್ತೆ,
ಸಪ್ಪಲಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ,
ಉತ್ತರಹಳ್ಳಿ. ವಿಳಾಸ ನಿಜವಾದದ್ದು, ಯಾವಾಗ ಬೇಕಾದರೂ ಬಂದು ನೋಡಬಹುದು. ಮುಂಚಿತವಾಗಿ ಹೊರಡಿ.