ಅಟ್ಟ ಗುಡಿಸಿಡಿ ಎಂದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಗ್ರಂಥಾಲಯದ ಅಟ್ಟದಲ್ಲಿ ಬಾವಲಿಗಳಿಲ್ಲ ಎಂದು ತಮ್ಮ ಕಚೇರಿ ಬರೆದುಕೊಟ್ಟಿದೆ. ಆ ವರದಿಯನ್ನು ನಾನು ಓದುತ್ತಿದ್ದಾಗ ಇನ್ನೂರಕ್ಕೆ ಕಡಿಮೆಯಿಲ್ಲದ ಬಾವಲಿಗಳು ನನ್ನ ನೆತ್ತಿಯ ಮೇಲೆ ತಲೆಕೆಳಗಾಗಿ ನಿದ್ದೆ ಮಾಡುತ್ತಿದ್ದವು. ತಾವಿಲ್ಲವೆಂಬ ಸುದ್ದಿ ಪಾಪ, ಅವಕ್ಕಿನ್ನೂ ಮುಟ್ಟಿಲ್ಲ. ನಗುವ ಸಂಗತಿಯೇ. ಆದರೆ ಆ ಒಂದು ಸಾಲಿನಿಂದಾಗಿ ನಮ್ಮಲ್ಲಿ ಕಸ ಗುಡಿಸುವ ಅಕ್ಕನಿಗೆ ಕಾಯಿಲೆ ರಜೆ ಸಿಗುತ್ತಿಲ್ಲ.

ಮೂರು ತಿಂಗಳ ಹಿಂದೆ ದೂರು ಕೊಟ್ಟವಳು ನಾನು. ಅಟ್ಟದಲ್ಲಿ ಬಾವಲಿ ಹಿಕ್ಕೆ ಗೇಣುದ್ದ ಪೇರಿಕೊಂಡಿದೆ, ಬಂದು ನೋಡಿ ಎಂದು ಬರೆದಿದ್ದೆ. "ಪರಿಶೀಲನೆಗೆ ಮುನ್ನ ಸ್ಥಳವನ್ನು ಶುಚಿಗೊಳಿಸಿರತಕ್ಕದ್ದು" ಎಂದು ಉತ್ತರ ಬಂತು. ಕಳ್ಳನ ಹೆಜ್ಜೆಗುರುತು ಚೆನ್ನಾಗಿ ಒರೆಸಿಟ್ಟು ಆಮೇಲೆ ಪೊಲೀಸರನ್ನು ಕರೆಯಿರಿ ಎಂದಹಾಗೆ! ಆಗಲೇ ಜಗಳವಾಡಬೇಕಿತ್ತು. ಆದರೆ ಅಧಿಕಾರಿಗಳು ಬರುತ್ತಾರೆಂದರೆ ಕೈ ತಾನಾಗಿ ಪೊರಕೆಯ ಕಡೆ ಹೋಗುವ ಜಾತಿಯವರು ನಾವು.

"ಅಕ್ಕಾ, ಸಾಹೇಬ್ರು ಬರ್ತಾರಂತೆ. ಅಟ್ಟ ಒಂಚೂರು ಗುಡಿಸಿಬಿಡ್ತೀರಾ?" ಎಂದೆ.

"ಯಾಕೆ ಮೇಡಂ, ಅವರೇನು ಅಲ್ಲೇ ಮಲಗ್ತಾರಾ?" ಎನ್ನುತ್ತಲೇ ಅಕ್ಕ ಏಣಿ ಹತ್ತಿದರು. ಅರ್ಧ ದಿನ ಒಣ ಹಿಕ್ಕೆ ಗುಡಿಸಿ ಆರು ಚೀಲ ಇಳಿಸಿದರು. ಮೈತುಂಬ ಧೂಳು. "ಕನ್ನಡಿ ಕೊಡಿ, ನನ್ನ ಗುರುತು ನಂಗೇ ಸಿಕ್ತಿಲ್ಲ" ಎಂದು ನಗಿಸಿದರು.

ತಮ್ಮ ಪರಿವೀಕ್ಷಕರು ಬಂದದ್ದು ಮುಸ್ಸಂಜೆ ಏಳಕ್ಕೆ. ಬಾವಲಿಗಳು ಆಗ ತಾನೇ ಊಟಕ್ಕೆ ಹೊರಟುಹೋಗಿದ್ದವು.

"ಯಾವಾಗ ವಾಪಸ್ ಬರ್ತವೆ?" ಎಂದರು.

"ಬೆಳಗಿನ ಜಾವ, ಸರ್."

"ಅಷ್ಟೊತ್ತು ಕಾಯಕ್ಕಾಗುತ್ತಾ ಮೇಡಂ? ಹೋಗ್ಲಿ, ಹಿಕ್ಕೆ ಎಲ್ಲಿ?"

"ನೀವೇ ಗುಡಿಸಿ ಅಂದಿದ್ರಲ್ಲ."

"ಪರವಾಗಿಲ್ಲ, ಚೆನ್ನಾಗೇ ಗುಡಿಸಿದೀರಿ" ಎಂದು ಮೆಚ್ಚಿಕೊಂಡು, ಏನೂ ಕಂಡುಬಂದಿಲ್ಲ ಎಂದು ಬರೆದುಕೊಂಡರು.

ಎರಡು ವಾರಕ್ಕೆ ಅಕ್ಕನಿಗೆ ಜ್ವರ, ಎದೆನೋವು, ನಿಲ್ಲದ ಕೆಮ್ಮು. ವೈದ್ಯೆ ಪರೀಕ್ಷೆ ಮಾಡಿಸಿ, ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ಎಂದರು. ಹಳೆಯ ಹಿಕ್ಕೆಯಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದಂತೆ. ಒಣಗಿದ್ದನ್ನು ಕೆದಕಿದರೆ ಅದರ ಕಣಗಳು ಧೂಳಿನೊಂದಿಗೆ ಎದೆಗಿಳಿಯುತ್ತವಂತೆ. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ತಾವು ಈ ಪತ್ರವನ್ನು ಧೈರ್ಯವಾಗಿ ಮುಟ್ಟಬಹುದು. ಬಾವಲಿಗಳ ಮೇಲೆ ನನಗೆ ಸಿಟ್ಟಿಲ್ಲ. ಕೋಗಿಲೆಗೆ ಪುಟಗಟ್ಟಲೆ ಮೀಸಲಿಟ್ಟ ಕವಿಗಳು ಇವಕ್ಕೆ ಒಂದು ಸಾಲನ್ನೂ ದಯಪಾಲಿಸದಿದ್ದರೂ ಮುನಿಸಿಲ್ಲದೆ ನಮ್ಮ ಬೀದಿಯ ಸೊಳ್ಳೆ ತಿನ್ನುತ್ತಿವೆ. ಪೊರಕೆ ಹಿಡಿಯಲು ಹೇಳಿದ್ದು ಅವಲ್ಲವಲ್ಲ!

ಕೆಲಸದಿಂದ ಬಂದ ಕಾಯಿಲೆ ಎಂದು ಅಕ್ಕ ಹಾಕಿದ ರಜೆಯ ಅರ್ಜಿ, ಆರೋಗ್ಯಾಧಿಕಾರಿಗಳ ಒಪ್ಪಿಗೆ ಬೇಕೆಂದು ತಮ್ಮ ಮೇಜಿಗೆ ಹೋಗಿ ತಿರಸ್ಕೃತವಾಗಿ ಬಂತು. ಬಾವಲಿ ಇಲ್ಲದ ಮೇಲೆ ಹಿಕ್ಕೆಯಿಲ್ಲ, ಹಿಕ್ಕೆಯಿಲ್ಲದ ಮೇಲೆ ಬೂಷ್ಟಿಲ್ಲ, ಬೂಷ್ಟಿಲ್ಲದ ಮೇಲೆ ಈ ಹೆಂಗಸು ಕೆಮ್ಮುವುದೇಕೆ? ತರ್ಕಶಾಸ್ತ್ರದ ಕಪಾಟಿನಲ್ಲಿ ಇಷ್ಟು ಅಚ್ಚುಕಟ್ಟಾದ ವಾದವನ್ನು ನಾನು ಕಂಡಿಲ್ಲ. ಮನೆಯಲ್ಲಿರಿ ಎಂದರೆ ಅಕ್ಕ ಕೇಳುವುದಿಲ್ಲ. "ರಜೆ ಇಲ್ದೆ ಕೂತ್ರೆ ಬೇರೆಯವರನ್ನ ತಗೋತಾರೆ ಮೇಡಂ. ಎದೆ ಕೆಟ್ರೇನು, ಕೈ ಗಟ್ಟಿಯಾಗಿದೆಯಲ್ಲ" ಎನ್ನುತ್ತಾರೆ. ಮೆಟ್ಟಿಲು ಹತ್ತುವಾಗ ಮೂರನೆಯದರಲ್ಲೇ ಕೂತುಬಿಡುತ್ತಾರೆ.

ನಿನ್ನೆ ತಮ್ಮ ಎರಡನೆಯ ಪತ್ರ ಬಂದಿದೆ. ಸೋಮವಾರ ಮರುಪರಿಶೀಲನೆ, ಸ್ಥಳ ಶುಚಿಯಾಗಿರತಕ್ಕದ್ದು. ನಾನು ಓದಿ ಮುಗಿಸುವ ಮೊದಲೇ ಅಕ್ಕ ಏಣಿ ತಂದು ಗೋಡೆಗಾನಿಸಿದ್ದರು. ನಾನು ಕಿತ್ತಿಟ್ಟೆ. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಜಗಳವಾಡಿದ್ದು ಅದೇ ಮೊದಲು.

ಆದ್ದರಿಂದ ಕೇಳುತ್ತಿದ್ದೇನೆ. ಸೋಮವಾರ ಹಗಲು ಹನ್ನೊಂದಕ್ಕೆ, ಬಾವಲಿಗಳು ಮನೆಯಲ್ಲಿರುವ ಹೊತ್ತಿಗೆ, ತಾವೇ ಬನ್ನಿ. ಒಳ್ಳೆಯ ಮಾಸ್ಕ್ ಹಾಕಿಕೊಂಡು ಬನ್ನಿ. ಮತ್ತೆ ಪೇರಿಕೊಂಡಿರುವ ಹಿಕ್ಕೆಯನ್ನು ನೀರು ಚಿಮುಕಿಸಿ ತೆಗೆಯಬಲ್ಲ, ತರಬೇತಿ ಪಡೆದವರನ್ನು ಕಳಿಸಿ. ಮರಿಗಳು ಹಾರಲು ಕಲಿತ ಮೇಲೆ ಗೋಡೆಯ ಕಿಂಡಿ ಮುಚ್ಚಿಸಿ. ಎಲ್ಲಕ್ಕಿಂತ ಮೊದಲು ಆ ವರದಿಯ ಸಾಲನ್ನು ಹೊಡೆದುಹಾಕಿ, ಅಕ್ಕನ ರಜೆಗೆ ಸಹಿ ಹಾಕಿ. ಅಟ್ಟ ಕೊಳಕಾಗಿಯೇ ಇರುತ್ತದೆ. ಶಿಸ್ತುಕ್ರಮವೇನಿದ್ದರೂ ನನ್ನ ಹೆಸರಿಗೆ ಬರೆಯಿರಿ. ಅವರ ಕೆಮ್ಮಿನಲ್ಲಿ ತಮ್ಮ ಪಾಲೆಷ್ಟಿದೆಯೋ ನನ್ನ ಪಾಲೂ ಅಷ್ಟೇ ಇದೆ.

ಇಂತಿ,
ಹೇಳಿದ ಮಾತನ್ನು ತಡವಾಗಿ ಮೀರುತ್ತಿರುವ
ಗ್ರಂಥಪಾಲಕಿ