ಭಾನುವಾರ ಹತ್ತು ಗಂಟೆಯವರೆಗೆ

ಮನೆ, ಹಿಂದಿನ ಕೋಣೆಯ ಕಿಟಕಿ ಪಕ್ಕ
ತಾ. ೧೪, ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಅದಲ್ಲ, ಮಗಳನ್ನು ತಡಿ ತಡಿ ಅನ್ನುತ್ತೀಯಲ್ಲ, ತಡೆಯುವುದಕ್ಕೆ ಅವಳೇನು ಹೊಸ್ತಿಲು ದಾಟುತ್ತಿರುವ ಕೂಸೇ? ನಿನ್ನೆ ಫೋನಿನಲ್ಲಿ ಇಷ್ಟನ್ನೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನ ಕಿವಿಯ ಮಷೀನು ಸಿಳ್ಳೆ ಹೊಡೆಯಿತು, ನೀನು "ಕುಕ್ಕರ್ ಕೂಗ್ತಿದೆ ಕಣೋ, ಇಡ್ತೀನಿ" ಅಂತ ಇಟ್ಟೇಬಿಟ್ಟೆ. ಅದಕ್ಕೇ ಈ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಮೊದಲು ನಿನ್ನ ಆರೋಗ್ಯ ಹೇಳು. ಮಂಡಿ ನೋವು ಇಳಿಯಿತೇ? ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೋ, ನಿನಗೆ ಆ ವಿಷಯದಲ್ಲಿ ಜಂಬ ಜಾಸ್ತಿ. ಭಾವ ಇನ್ನೂ ಕದ್ದು ಸಕ್ಕರೆ ಹಾಕಿಕೊಳ್ಳುತ್ತಾರೋ? ಹಾಕಿಕೊಳ್ಳಲಿ ಬಿಡು, ಸಿಕ್ಕಿಬೀಳುವ ಸುಖಕ್ಕೇ ಕದಿಯುತ್ತಾರೆ. ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದನ್ನು ಬಿಟ್ಟರೆ.

ನಿನಗೆ ವಿಷಯ ಅರ್ಧ ಗೊತ್ತು, ಪೂರ್ತಿ ಹೇಳುತ್ತೇನೆ. ಬರುವ ಶನಿವಾರ ಬೆಳಗ್ಗೆ ನಮ್ಮ ಗುಂಡಿ ಸೈಕಲ್ ಹತ್ತಿ ಮರುಭೂಮಿಗೆ ಹೋಗುತ್ತಾಳೆ. ಒಬ್ಬಳೇ. ಡಾಂಬರು ರಸ್ತೆ ಮುಗಿದಲ್ಲಿಂದ ಹಿಂದೆ ಉಪ್ಪಿನ ಲಾರಿಗಳು ಓಡಾಡುತ್ತಿದ್ದ ದಾರಿ ಹಿಡಿದು, ಮರಳ ದಿಬ್ಬಗಳ ನಡುವೆ ಒಂದು ರಾತ್ರಿ ಮಲಗಿ, ಭಾನುವಾರ ವಾಪಸ್ಸು. ಮುಂದಿನ ವರ್ಷಕ್ಕೆ ಮೂವತ್ತು ತುಂಬುತ್ತದೆ ಅವಳಿಗೆ, ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ಪರೀಕ್ಷೆ ಮಾಡುತ್ತಾಳೆ, ನಾನು ಮಾತ್ರ ಇನ್ನೂ ಗುಂಡಿ ಎನ್ನುವುದನ್ನು ಬಿಟ್ಟಿಲ್ಲ. ನೆನಪಿದೆಯಲ್ಲ, ನನ್ನ ಅಂಗಡಿಯಲ್ಲಿ ಕುಶನ್ನಿನ ಗುಂಡಿ ನುಂಗಿ ಅವಳು ನೀಲಿಯಾದಾಗ ನೀನು ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಬಡಿದದ್ದು? ನಾನು ಆಗಲೂ ಕತ್ತರಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಈಗ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮಲಗುವ ಚೀಲ, ಗಾಳಿ ತುಂಬುವ ಹಾಸಿಗೆ, ಅಂಗೈಯಷ್ಟು ಒಲೆ, ಪಂಕ್ಚರ್ ಸಾಮಾನು, ಖರ್ಜೂರ, ಬ್ರೆಡ್ಡು, ಎಲ್ಲವೂ ನೆಲದ ಮೇಲೆ ಸಾಲಾಗಿ ಕೂತಿವೆ. ಬಾತ್‌ರೂಮಿಗೆ ಹೋಗಬೇಕಾದರೆ ನಾನು ಕುಂಟಾಬಿಲ್ಲೆ ಆಡಿಕೊಂಡು ಹೋಗಬೇಕು. ಅಡುಗೆಮನೆಯ ತಕ್ಕಡಿ ತಂದು ಒಂದೊಂದನ್ನೂ ತೂಗುತ್ತಾಳೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕುಯ್ದಳು ಅಕ್ಕಾ, ಭಾರವಂತೆ! ನೀರು ಮಾತ್ರ ಆರು ಲೀಟರು, ಅದರಲ್ಲಿ ತೊಟ್ಟೂ ಕಡಿಮೆ ಮಾಡಿಲ್ಲ, ಅದೊಂದು ಪುಣ್ಯ. ನಾನೂ ಏನಾದರೂ ಮಾಡಬೇಕಲ್ಲ ಅಂತ ನಮ್ಮ ದೊಡ್ಡ ಟಾರ್ಚನ್ನು ಅವಳ ಮಲಗುವ ಚೀಲದೊಳಗೆ ತೂರಿಸಿಟ್ಟೆ. ಬೆಳಗ್ಗೆ ಕಣ್ಣು ಬಿಟ್ಟರೆ ಅದು ನನ್ನ ದಿಂಬಿನ ಪಕ್ಕ ಮಲಗಿತ್ತು. ಮಾರನೆಯ ದಿನ ಮಡಿಸುವ ಕೊಡೆ ಇಟ್ಟೆ. "ಅಪ್ಪಾ, ಮರುಭೂಮಿಗೆ ಕೊಡೆನಾ? ಹಾಗೇ ಒಂದು ಮೀನಿನ ಬಲೆನೂ ಇಡು" ಅಂದಳು. ನೆರಳಿಗೆ ಕಣೇ ಅಂದೆ. ಯಾರು ಕೇಳುತ್ತಾರೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಇಂಥದ್ದಕ್ಕೆ ಏನೋ ಹೇಳುತ್ತಿದ್ದರು, "ನೆಸೆಸರಿ, ಬಟ್ ನಾಟ್..." ಮುಂದಿನದು ಹಾರಿಹೋಗಿದೆ. ಸದ್ಯಕ್ಕೆ ಈ ಮನೆಯಲ್ಲಿ ನೆಸೆಸರಿ ನಾನಲ್ಲ ಎನ್ನುವಷ್ಟು ತಿಳಿಯಿತು.

ಆಮೇಲೆ ಕನಿಕರ ಬಂತೋ ಏನೋ, ಒಂದು ಕೆಲಸ ಕೊಟ್ಟಳು. ಸೈಕಲ್ಲಿನ ಚೌಕಟ್ಟಿನ ನಡುವೆ ತ್ರಿಕೋನದ ಜಾಗ ಇರುತ್ತದಲ್ಲ, ಅದರೊಳಗೆ ಸರಿಯಾಗಿ ಕೂರುವ ಒಂದು ಚೀಲ. ಅಂಗಡಿಯಲ್ಲಿ ಸಿಗುತ್ತದೆ. "ನೀನು ಹೊಲಿದಷ್ಟು ಗಟ್ಟಿ ಇರಲ್ಲ ಅಪ್ಪಾ" ಅಂದಳು. ಬೆಣ್ಣೆ ಹಚ್ಚುತ್ತಿದ್ದಾಳೆಂದು ಗೊತ್ತಿತ್ತು, ಹಚ್ಚಿಸಿಕೊಂಡೆ. ಜೀವನವಿಡೀ ಲಾರಿ ಸೀಟು ಹೊಲಿದವನಿಗೆ ಇದೇನು ಮಹಾ. ಆದರೆ ಹೊಲಿಯುತ್ತಾ ಕೂತವನಿಗೆ ಒಂದು ಯೋಚನೆ ಬಂತು, ಅಗಲದಲ್ಲಿ ನಾಲ್ಕು ಬೆರಳು ಹೆಚ್ಚು ಬಿಟ್ಟರೆ ಇನ್ನೊಂದು ನೀರಿನ ಬಾಟಲಿ ಹಿಡಿಯುತ್ತದೆ ಅಂತ. ಬಿಟ್ಟೆ. ಅವಳು ಚೀಲ ಕಟ್ಟಿಕೊಂಡು ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದಳು. ಎರಡೂ ಮಂಡಿಯ ಒಳಬದಿ ಉಜ್ಜಿ ಕೆಂಪಾಗಿತ್ತು. ಪೆಡಲ್ ತುಳಿದಾಗಲೆಲ್ಲ ತಾಗುತ್ತದಂತೆ, ದಿನವಿಡೀ ತುಳಿದರೆ ಚರ್ಮವೇ ಕಿತ್ತು ಬರುತ್ತದಂತೆ. "ಇದು ಚೀಲನಾ, ಬಸುರಿ ಹೊಟ್ಟೆನಾ? ಬಿಚ್ಚು" ಅಂದಳು.

ಬಿಚ್ಚುವಾಗ ತಾನೂ ಪಕ್ಕದಲ್ಲಿ ಕೂತು ಚಿಮಟದಿಂದ ದಾರ ಕೀಳುತ್ತಿದ್ದಳು. ಆಗ ಕೇಳಿದೆ, ಯಾಕಮ್ಮಾ ಇದೆಲ್ಲ ಅಂತ. ತಲೆ ಎತ್ತದೆ ಹೇಳಿದಳು, "ಒಂದು ರಾತ್ರಿ ಯಾರೂ ನನ್ನ ಕರೀಬಾರದು ಅಪ್ಪಾ. ಅಷ್ಟೇ." ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕೂಗುವವರೇ. ಅವಳಮ್ಮ ಹಾಸಿಗೆ ಹಿಡಿದಿದ್ದಾಗ ಹಗಲು ರಾತ್ರಿ ಅನ್ನದೆ ಮನೆಯಲ್ಲೂ ಕೂಗು, ಪಾಪ, ಅವಳಾದರೂ ಏನು ಮಾಡಿಯಾಳು. ಈಗ ನಾನು, ಗುಂಡೀ ಕನ್ನಡಕ ಎಲ್ಲಿ, ಗುಂಡೀ ಗ್ಯಾಸ್ ಆರಿಸಿದೆಯಾ. ಇದನ್ನೆಲ್ಲ ಅವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹೋದ ತಿಂಗಳು ಅಭ್ಯಾಸಕ್ಕೆಂದು ಕೆರೆಯಾಚೆಯ ಗುಡ್ಡದಲ್ಲಿ ಮಲಗಲು ಹೋಗಿದ್ದಳಲ್ಲ, ಅದರ ಕತೆ ನಿನಗೆ ಗೊತ್ತೇ ಇದೆ. ಫೋನು ಹೋಗಲಿಲ್ಲ, ನಾನು ಊಟದ ತಟ್ಟೆ ಬಿಟ್ಟೆದ್ದು ರಕ್ಷಣಾ ದಳದವರಿಗೆ ಹೇಳಿದೆ. ತಲೆಯ ಮೇಲೆ ದೀಪ ತಿರುಗಿಸುತ್ತಾ ಎರಡು ಜೀಪು ಹೋದವು, ಮೈಕಿನಲ್ಲಿ ಅವಳ ಹೆಸರು ಕೂಗಿ, ಮಲಗಿದ್ದವಳನ್ನು ಎಬ್ಬಿಸಿ ತಂದು ಬಾಗಿಲಲ್ಲಿ ಬಿಟ್ಟರು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಷರತ್ತು ಹಾಕಿದ್ದಾಳೆ. ಅವಳು ಹೊರಟ ಮೇಲೆ ನಾನು ಫೋನು ಮಾಡಕೂಡದು. ಅಲ್ಲಿ ಸಿಗ್ನಲ್ಲೇ ಇಲ್ಲ, ಹೋಗದಿದ್ದರೆ ಏನೋ ಆಯಿತು ಅಂತ ತಿಳಿಯಕೂಡದು. ಭಾನುವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಡಾಂಬರು ರಸ್ತೆಗೆ ಬಂದು ಅವಳೇ ಫೋನು ಮಾಡುತ್ತಾಳೆ. ಹತ್ತಾದರೂ ಬರದಿದ್ದರೆ ಮಾತ್ರ ದಳದವರಿಗೆ ಹೇಳಬೇಕು, ಮುಂಚೆಯೂ ಇಲ್ಲ, ತಡವೂ ಇಲ್ಲ. ಆ ಕೆಲಸಕ್ಕೆ ಪಕ್ಕದ ಮನೆಯ ಡ್ರೈವರನ್ನೋ ಲ್ಯಾಬಿನ ಗೆಳತಿಯನ್ನೋ ಇಡುತ್ತಾಳೆಂದುಕೊಂಡಿದ್ದೆ. "ನೀನೇ ಅಪ್ಪಾ. ಬೇರೆ ಯಾರನ್ನ ಇಟ್ರೂ ನೀನು ಅವರ ತಲೆ ತಿಂದುಬಿಡ್ತೀಯ" ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಈ ಸಲನೂ ಜೀಪು ಬಂದ್ರೆ ನಾನು ಬೇರೆ ಮನೆ ಮಾಡ್ತೀನಿ. ಸಿಟ್ಟಿಗೆ ಹೇಳ್ತಿಲ್ಲ" ಅಂದಳು. ಸಿಟ್ಟಿಗೆ ಹೇಳುತ್ತಿಲ್ಲ ಅನ್ನುವುದೇ ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಹೋಗಬೇಡ ಅನ್ನಲಾರೆ, ಹೋಗು ಅನ್ನಲು ನಾಲಿಗೆ ಏಳುವುದಿಲ್ಲ, ಜೊತೆಗೆ ಹೋಗೋಣವೆಂದರೆ ಸೈಕಲ್ ಹತ್ತಲು ನನಗೆ ಕುರ್ಚಿ ಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಒಳ್ಳೆಯ ಪದ ಇತ್ತು, ಪರೀಕ್ಷೆಯಲ್ಲೂ ಬಂದಿತ್ತು, ಆಗಲೂ ಬಿಟ್ಟು ಬಂದಿದ್ದೆ. ಅವಳನ್ನು ತಡೆ ಅನ್ನುತ್ತೀ ನೀನು, ನೋಡಿದರೆ ಅವಳ ಚೀಲಕ್ಕೆ ಜಿಪ್ಪು ಕೂರಿಸುತ್ತಿರುವವನೇ ನಾನು, ಇನ್ನೂ ಒಂದು ಬದಿ ಬಾಕಿ

ಅಯ್ಯೋ, ಬೆಳಕು ಹೋಗುತ್ತಿದೆ. ಕಪ್ಪು ಬಟ್ಟೆ, ಕಪ್ಪು ದಾರ, ದೀಪ ಹಾಕಿದರೆ ನನ್ನ ಕಣ್ಣಿಗೆ ಒಂದೂ ಕಾಣುವುದಿಲ್ಲ. ನಿಲ್ಲಿಸುತ್ತೇನೆ.

ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಗನ ಕೆನ್ನೆಗೆ ನನ್ನ ಪರವಾಗಿ ಒಂದು ಚಿವುಟು. ಆಶೀರ್ವಾದವೆಲ್ಲ ಗುಂಡಿಗೆ ಕೊಡು, ಬೈಗುಳ ಇದ್ದರೆ ನನಗಿರಲಿ.

ನಿನ್ನ ತಮ್ಮ

ಮರೆತಿದ್ದೆ: ಕಾಗದ ಗುರುವಾರ ನಿನಗೆ ತಲುಪುತ್ತದೆ. ಅವಳನ್ನು ತಡೆಯಲು ಬರಬೇಡ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಾ, ಅಷ್ಟು ಹೊತ್ತಿಗೆ ಅವಳು ಹೋಗಿರುತ್ತಾಳೆ. ಬಂದವಳೇ ನನ್ನ ಫೋನು ಕಿತ್ತುಕೊಂಡು ನಿನ್ನ ಹತ್ತಿರ ಇಟ್ಟುಕೋ. ಕತ್ತಲಾದ ಮೇಲೆ ಕೇಳುತ್ತೇನೆ, ಜಗಳ ಆಡುತ್ತೇನೆ, ಸತ್ತ ಹೆಂಡತಿಯ ಹೆಸರು ಹೇಳಿ ಅಳುತ್ತೇನೆ. ಕೊಡಬೇಡ. ಭಾನುವಾರ ಹತ್ತಾದರೂ ಅವಳ ಕರೆ ಬರದಿದ್ದರೆ ಕೊಡು, ಆಮೇಲೆ ಒಂದು ಕ್ಷಣವೂ ಇಟ್ಟುಕೊಳ್ಳಬೇಡ. ಚಿಕ್ಕಂದಿನಿಂದ ನಾನು ಹೆದರುವುದು ನಿನಗೊಬ್ಬಳಿಗೇ. ಆ ರಾತ್ರಿ ನಾನು ಏನೇ ಅಂದರೂ ಅದು ನನ್ನ ಮಾತಲ್ಲ ಅಕ್ಕಾ. ನನ್ನ ಮಾತು ಇದು.